ಹಳೆಯ ಉದ್ಯಾನಕ್ಕೊಂದು ಹಬ್ಬ: ಮಾಡುವುದು ಹೇಗೆ?

ಊರಿನ ಹಳೆಯ ಪಾರ್ಕ್ ಎಲ್ಲರಿಗೂ ಬೇಕು. ಬೆಳಿಗ್ಗೆ ನಡೆಯಲು ಬರುವವರಿಗೆ, ಮಧ್ಯಾಹ್ನ ನೆರಳಲ್ಲಿ ಕೂತು ಬುತ್ತಿ ಬಿಚ್ಚುವವರಿಗೆ, ಸಂಜೆ ಮಕ್ಕಳನ್ನು ಆಡಿಸಲು ಕರೆತರುವವರಿಗೆ. ಆದರೆ ಅದರ ಮೂಲೆಯಲ್ಲೊಂದು ಕಟ್ಟಡ ಎದ್ದಾಗ, ರಸ್ತೆ ಅಗಲವಾಗಿ ಬೇಲಿ ಒಳಕ್ಕೆ ಸರಿದಾಗ ಕೇಳುವವರು ಸಿಗುವುದಿಲ್ಲ. ‘ಜನರನ್ನು ಪಾರ್ಕಿಗೆ ಹತ್ತಿರ ಮಾಡಬೇಕು, ಅದಕ್ಕೊಂದು ಹಬ್ಬ ಮಾಡೋಣ’ ಎಂದು ಎಷ್ಟೋ ಬಡಾವಣೆಗಳ ಸಂಘಗಳು ಒಳ್ಳೆಯ ಮನಸ್ಸಿನಿಂದಲೇ ಹೊರಡುತ್ತವೆ. ಶಾಮಿಯಾನ ಏಳುತ್ತದೆ, ವೇದಿಕೆ ಸಿದ್ಧವಾಗುತ್ತದೆ, ಮೈಕ್ ಬರುತ್ತದೆ, ಜನವೂ ಸೇರುತ್ತಾರೆ. ಮರುದಿನ ನೋಡಿದರೆ ಹುಲ್ಲು ನೆಲಕಚ್ಚಿರುತ್ತದೆ, ಪೊದೆಗಳಲ್ಲಿ ಪೇಪರ್ ಲೋಟ, ಮರದ ಕಾಂಡದಲ್ಲಿ ಮೊಳೆ. ಬಂದು ಹೋದವರಿಗೆ ಪಾರ್ಕಿನ ಬಗ್ಗೆ ಹೊಸದಾಗಿ ಒಂದು ವಿಷಯವೂ ಗೊತ್ತಾಗಿರುವುದಿಲ್ಲ. ಮುಂದಿನ ವರ್ಷ ಅನುಮತಿ ಕೇಳಿದರೆ ಇಲಾಖೆಯವರು ಹಿಂದೇಟು ಹಾಕುತ್ತಾರೆ.

ಇದಕ್ಕೆ ಪರಿಹಾರ ಹಬ್ಬವನ್ನೇ ಕೈಬಿಡುವುದಲ್ಲ, ಬೇರೆ ರೀತಿಯಲ್ಲಿ ಮಾಡುವುದು. ನೆನಪಿಡಬೇಕಾದ ಸೂತ್ರ ಒಂದೇ: ಪಾರ್ಕನ್ನು ಸಭಾಂಗಣ ಮಾಡಿಕೊಳ್ಳಬೇಡಿ, ಪಾರ್ಕೇ ಕಾರ್ಯಕ್ರಮದ ವಿಷಯವಾಗಲಿ. ಕಲ್ಯಾಣ ಮಂಟಪದಲ್ಲೂ ಮಾಡಬಹುದಾದದ್ದನ್ನು ಪಾರ್ಕಿಗೆ ತರಬೇಡಿ. ಆ ಪಾರ್ಕಿನಲ್ಲಿ ಮಾತ್ರ ಸಾಧ್ಯವಾಗುವುದನ್ನು ಅಲ್ಲಿ ಮಾಡಿ. ಬೆಂಗಳೂರಿನ ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳ ಅನುಭವ ಇಟ್ಟುಕೊಂಡು, ನಿಮ್ಮ ಊರಿಗೂ ಹೊಂದುವಂತೆ ಇದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಸ್ವಲ್ಪ ಹಿನ್ನೆಲೆ

ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದವನು ಹೈದರ್ ಅಲಿ, ಬೆಳೆಸಿದವನು ಟಿಪ್ಪು ಸುಲ್ತಾನ್. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಇಡೀ ನಗರ ಹರಿದು ಬರುತ್ತದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಊರಿನ ಸಾಲುಮರಗಳನ್ನು ಯೋಜಿಸಿದರು.

ಕಬ್ಬನ್ ಪಾರ್ಕ್ ರೂಪುಗೊಂಡದ್ದು 1870ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯ ಕೈಯಲ್ಲಿ. ಮೊದಲು ಅದರ ಹೆಸರು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಡಲಾಯಿತು. ಜನರ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕ್ ಎಂದೇ ಉಳಿಯಿತು.

ಹಬ್ಬದಿಂದ ಪಾರ್ಕ್ ಉಳಿಯುತ್ತದೆಯೇ?

ಉಳಿಯುತ್ತದೆ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಸಾಕ್ಷಿಗಳು. ಉದ್ಯಾನಗಳ ರಕ್ಷಣೆಗೆ ಕಾನೂನು ಇದೆ: 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, 1976ರ ಮರ ಸಂರಕ್ಷಣಾ ಕಾಯ್ದೆ. ಆದರೆ ಕಾನೂನು ತಾನಾಗಿ ಎದ್ದು ಬರುವುದಿಲ್ಲ, ಯಾರಾದರೂ ಅದನ್ನು ಎತ್ತಿ ಹಿಡಿಯಬೇಕು. 1998ರಲ್ಲಿ ಕಬ್ಬನ್ ಪಾರ್ಕಿನ ಗಡಿಯನ್ನು ಕಿರಿದುಗೊಳಿಸುವ ಪ್ರಯತ್ನ ನಡೆದಾಗ, 2009ರಲ್ಲಿ ಮೆಟ್ರೊ ಕಾಮಗಾರಿಗೆ ಲಾಲ್‌ಬಾಗ್‌ನ ಅಂಚಿನ ಜಾಗ ಹೋದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಪಾರ್ಕನ್ನು ಹತ್ತಿರದಿಂದ ಬಲ್ಲವರು ಊರಿನಲ್ಲಿ ಮೊದಲೇ ಇದ್ದರೆ ಮಾತ್ರ ಇಂಥ ಹೊತ್ತಿನಲ್ಲಿ ಜನ ಸೇರುತ್ತಾರೆ.

ಎರಡನೆಯದು, ಪರಿಚಯ. ‘ಪರಿಸರ ಉಳಿಸಿ’ ಎಂಬ ಮಾತು ಯಾರ ಮನಸ್ಸಿನಲ್ಲೂ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದು ಮರದ ಗುರುತು ನಿಲ್ಲುತ್ತದೆ. ಹೆಸರು ಗೊತ್ತಿರುವ, ಹೂ ಬಿಡುವ ತಿಂಗಳು ಗೊತ್ತಿರುವ ಮರದ ಕೊಂಬೆ ಕಡಿದರೆ ಕಣ್ಣಿಗೆ ಕುಕ್ಕುತ್ತದೆ.

ಮೂರನೆಯದು, ದಾಖಲೆ. ಹಬ್ಬದ ನೆಪದಲ್ಲಿ ಮರಗಳ ಪಟ್ಟಿ, ಹಳೆಯ ಫೋಟೊ, ಹಿರಿಯರ ನೆನಪು ಒಂದು ಕಡೆ ಕೂಡುತ್ತವೆ. ನಾಳೆ ‘ಇಲ್ಲಿ ಮರವೇ ಇರಲಿಲ್ಲ’ ಎಂದು ಯಾರಾದರೂ ಹೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಹಂತ ಹಂತವಾಗಿ

1. ಮೊದಲು ಒಡೆಯರು ಯಾರೆಂದು ತಿಳಿಯಿರಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳು ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಬಡಾವಣೆಯ ಪಾರ್ಕ್‌ಗಳು ಸಾಮಾನ್ಯವಾಗಿ ಪಾಲಿಕೆ ಅಥವಾ ಪುರಸಭೆಯವು. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ತಿಂಗಳು ಕಳೆದುಕೊಳ್ಳಬೇಡಿ. ಪಾರ್ಕಿನ ಒಟ್ಟು ವಿಸ್ತೀರ್ಣ ಮತ್ತು ಸರ್ವೆ ನಕ್ಷೆಯ ಪ್ರತಿಯನ್ನೂ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಗಡಿ ಎಲ್ಲಿದೆ ಎಂದು ಗೊತ್ತಿಲ್ಲದವರು ಗಡಿಯನ್ನು ಕಾಯಲಾರರು.

2. ಮಾಲಿಗಳನ್ನು ಮೊದಲು ಮಾತನಾಡಿಸಿ. ಯಾವ ಮರ ಟೊಳ್ಳಾಗಿದೆ, ಯಾವ ಕೊಂಬೆ ಬೀಳುವಂತಿದೆ, ಎಲ್ಲಿ ಹಕ್ಕಿ ಗೂಡು ಕಟ್ಟಿದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರಲ್ಲಿ ಒಬ್ಬರನ್ನು ನಡಿಗೆಯ ಮಾರ್ಗದರ್ಶಕರನ್ನಾಗಿ ಮಾಡಿ. ಸಂಭಾವನೆ ಕೊಡಿ, ಆಹ್ವಾನ ಪತ್ರದಲ್ಲಿ ಹೆಸರು ಹಾಕಿ. ಪಾರ್ಕನ್ನು ದಿನವೂ ನೋಡಿಕೊಳ್ಳುವವರಿಗೆ ಸಲ್ಲಬೇಕಾದ ಗೌರವ ಅದು.

3. ಋತು ನೋಡಿ ದಿನ ಗೊತ್ತುಮಾಡಿ. ಅತಿಥಿಗಳ ಬಿಡುವು ನೋಡಿ ದಿನ ಇಡುವುದು ವಾಡಿಕೆ. ಅದರ ಬದಲು ಮರಗಳ ಪಂಚಾಂಗ ನೋಡಿ. ಬೆಂಗಳೂರಿನಲ್ಲಿ ವರ್ಷದ ಆರಂಭದಲ್ಲಿ ಗುಲಾಬಿ ಟಬೆಬುಯಾ, ಬೇಸಿಗೆ ಕಾಲಿಡುವಾಗ ಜಕರಂಡ, ಏಪ್ರಿಲ್–ಮೇ ತಿಂಗಳಲ್ಲಿ ಗುಲ್‌ಮೊಹರ್ ಅರಳುತ್ತವೆ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ಜೂನ್ 5ರ ಪರಿಸರ ದಿನಗಳನ್ನೂ ಬಳಸಿಕೊಳ್ಳಬಹುದು. ಮಳೆಗಾಲದಲ್ಲಿ ದೊಡ್ಡ ಕಾರ್ಯಕ್ರಮ ಬೇಡ, ಕಾರಣ ಮುಂದಿದೆ.

4. ಏಳೆಂಟು ನಿಲ್ದಾಣಗಳ ನಡಿಗೆ ರೂಪಿಸಿ. ಹಬ್ಬದ ಜೀವಾಳ ಇದು. ಒಂದು ಗುಂಪಿನಲ್ಲಿ 20–25 ಜನ, ಒಂದೂವರೆ ಗಂಟೆ ಸಾಕು. ಪ್ರತಿ ನಿಲ್ದಾಣದಲ್ಲೂ ನೋಡಲು ಒಂದು, ಮುಟ್ಟಲು ಅಥವಾ ಕೇಳಲು ಒಂದು, ತಿಳಿಯಲು ಒಂದು ಇರಲಿ.

ನಾಗಲಿಂಗದ ಮರವನ್ನೇ ತೆಗೆದುಕೊಳ್ಳಿ. ಅದು ಹೂ ಬಿಡುವುದು ಕೊಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಹೊರಟು ಜೋತುಬಿದ್ದ ಒರಟು ಕವಲುಗಳಲ್ಲಿ. ಉದುರಿದ ಒಂದು ಹೂವನ್ನು ಅಂಗೈಯಲ್ಲಿ ಇಟ್ಟು ತೋರಿಸಿ. ನಡುವೆ ಉಂಗುರದಂತೆ ಸುತ್ತಿಕೊಂಡ ಗಿಡ್ಡ ಕೇಸರಗಳು, ಅವುಗಳ ಮೇಲೆ ಹೆಡೆಯಾಗಿ ಬಾಗಿದ ಉದ್ದ ಕೇಸರಗಳು. ಈ ಹೂವಿನಲ್ಲಿ ಮಕರಂದ ಇಲ್ಲ, ದುಂಬಿಗೆ ಸಿಗುವುದು ಪರಾಗ ಮಾತ್ರ. ಅದರಲ್ಲೂ ಎರಡು ಬಗೆ: ಹೆಡೆಯ ಪರಾಗ ಕೀಟದ ಊಟಕ್ಕೆ, ಉಂಗುರದ ಪರಾಗ ಬೀಜ ಕಟ್ಟುವುದಕ್ಕೆ. ಹೆಡೆಗೆ ಬಾಯಿ ಹಾಕಿದ ದುಂಬಿಯ ಬೆನ್ನಿಗೆ ಕೆಳಗಿನ ಉಂಗುರದ ಪರಾಗ ಮೆತ್ತಿಕೊಳ್ಳುತ್ತದೆ. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಪೂಜೆಗೊಳ್ಳುವ ಈ ಮರದ ತವರು ದಕ್ಷಿಣ ಅಮೆರಿಕ. ಇಷ್ಟನ್ನು ಕಣ್ಣಾರೆ ನೋಡಿದ ಮಗು ಆ ಮರವನ್ನು ಮರೆಯುವುದಿಲ್ಲ.

ಲಾಲ್‌ಬಾಗ್‌ನಲ್ಲಾದರೆ ಕೆಂಪೇಗೌಡ ಗೋಪುರ ನಿಂತ ಬಂಡೆಯೇ ಒಂದು ನಿಲ್ದಾಣ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೂತು ಹತ್ತಿರದಿಂದ ನೋಡಿದರೆ ಬಿಳಿ ಮತ್ತು ಕಪ್ಪು ಖನಿಜಗಳ ಪಟ್ಟೆಗಳು ಒಂದರ ಪಕ್ಕ ಒಂದು ಬಳುಕುತ್ತಾ ಸಾಗಿರುವುದು ಕಾಣುತ್ತದೆ. ಭೂಮಿಯ ಆಳದಲ್ಲಿ ಶಾಖ, ಒತ್ತಡಗಳಿಗೆ ಸಿಕ್ಕಿ ಕಲ್ಲು ಮೆತ್ತಗಾಗಿ ಮಡಚಿಕೊಂಡ ಗುರುತು ಅದು. ಮಕ್ಕಳು ಬೆರಳಿನಿಂದ ಒಂದು ಪಟ್ಟೆಯ ಜಾಡು ಹಿಡಿದು ಹೋಗಲಿ.

5. ಸದ್ದಿಲ್ಲದ ಕಾರ್ಯಕ್ರಮಗಳನ್ನು ಆರಿಸಿ. ಕಬ್ಬನ್ ಪಾರ್ಕ್‌ನಲ್ಲಿ ಶುರುವಾದ ‘ಕಬ್ಬನ್ ರೀಡ್ಸ್’ ಇದಕ್ಕೆ ಒಳ್ಳೆಯ ಮಾದರಿ. ಜನ ಚಾಪೆ ಹಾಸಿಕೊಂಡು ಕೂತು, ತಮ್ಮ ಪುಸ್ತಕ ತಾವು ಮೌನವಾಗಿ ಓದಿ ಎದ್ದು ಹೋಗುತ್ತಾರೆ. ವೇದಿಕೆ ಇಲ್ಲ, ಭಾಷಣ ಇಲ್ಲ. ಅದು ಬೇರೆ ನಗರಗಳಿಗೂ ಹಬ್ಬಿದೆ. ಲಾಲ್‌ಬಾಗ್‌ನಲ್ಲಿ ಹಕ್ಕಿ ವೀಕ್ಷಕರು ತಿಂಗಳಿಗೊಂದು ಭಾನುವಾರ ಸೇರುವ ವಾಡಿಕೆ ದಶಕಗಳಷ್ಟು ಹಳೆಯದು. 2014ರಲ್ಲಿ ಆರಂಭವಾದ ‘ನೆರಳು’ ಮರಗಳ ಹಬ್ಬವನ್ನು ಬೆಂಗಳೂರಿನ ನಾಗರಿಕರೇ ಕೂಡಿ ಕಟ್ಟಿದರು. ಚಿತ್ರ ಬರೆಯುವುದು, ಉದುರಿದ ಎಲೆಯ ಮೇಲೆ ಕಾಗದ ಇಟ್ಟು ಬಣ್ಣದ ಕಡ್ಡಿಯಿಂದ ಉಜ್ಜಿ ಅಚ್ಚು ತೆಗೆಯುವುದು, ಮೈಕ್ ಇಲ್ಲದೆ ಕಥೆ ಹೇಳುವುದು ಎಲ್ಲವೂ ಸಲ್ಲುತ್ತವೆ. ಸಂಜೆಯ ಕಾರ್ಯಕ್ರಮವಾದರೆ ಮಳೆಮರದ ಕೆಳಗೆ ಕೂರಿಸಿ. ಬೆಳಕು ಇಳಿದಂತೆ ಅದರ ಎಲೆಗಳು ಮಡಚಿಕೊಳ್ಳುವುದನ್ನು ಎಲ್ಲರೂ ಒಟ್ಟಿಗೆ ನೋಡಬಹುದು.

6. ನೆನಪುಗಳ ಮೇಜು ಇಡಿ. ಮನೆಯಲ್ಲಿರುವ ಪಾರ್ಕಿನ ಹಳೆಯ ಫೋಟೊ ತರುವಂತೆ ಹಿರಿಯರನ್ನು ಕೇಳಿಕೊಳ್ಳಿ. ಮೂಲ ಪ್ರತಿಯನ್ನು ಇಟ್ಟುಕೊಳ್ಳಬೇಡಿ. ನೆರಳಿನಲ್ಲಿ ಮೊಬೈಲ್‌ನಿಂದಲೇ ನೇರವಾಗಿ ಚಿತ್ರ ತೆಗೆದು ಅಲ್ಲಿಯೇ ಮರಳಿಸಿ. ಯಾರದು, ಸುಮಾರು ಯಾವ ವರ್ಷದ್ದು, ಪಾರ್ಕಿನ ಯಾವ ಭಾಗ ಎಂಬ ಮೂರನ್ನು ಆಗಲೇ ಬರೆದುಕೊಳ್ಳಿ. ಬಳಸಲು ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಬ್ಯಾಂಡ್ ಸ್ಟ್ಯಾಂಡ್‌ನಲ್ಲಿ ವಾದ್ಯ ಕೇಳಿದವರು, ಪಾರ್ಕಿನ ಬೆಂಚಿನ ಮೇಲೆ ಪರೀಕ್ಷೆಗೆ ಓದಿದವರು ಸಿಗುತ್ತಾರೆ. ಅವರ ಮಾತನ್ನು ಹತ್ತು ನಿಮಿಷ ಧ್ವನಿಮುದ್ರಿಸಿಕೊಳ್ಳಿ.

7. ಎಣಿಸುವ ಕೆಲಸ ಕೊಡಿ. ಬಂದವರು ನೋಡಿ ಹೋಗುವುದಷ್ಟೇ ಅಲ್ಲ, ಏನಾದರೂ ಮಾಡಿ ಹೋಗಲಿ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ಗೆ 15 ನಿಮಿಷ ಹಕ್ಕಿ ಎಣಿಸಿ ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿದರೂ ಸಾಕು. ‘ಸೀಸನ್‌ವಾಚ್’ ಯೋಜನೆಯಲ್ಲಿ ಒಂದು ಮರ ಆರಿಸಿಕೊಂಡು ವಾರವಾರ ಅದರ ಚಿಗುರು, ಹೂ, ಕಾಯಿ ಗಮನಿಸಿ ಬರೆಯಬಹುದು. ಶಾಲೆಗಳಿಗೆ ಇದು ಹೇಳಿಮಾಡಿಸಿದ ಕೆಲಸ. ಇನ್ನೊಂದು ಗುಂಪು ಮರಗಳಲ್ಲಿರುವ ಮೊಳೆ, ಕಾಂಡಕ್ಕೆ ಬಿಗಿದ ತಂತಿ, ಬುಡಕ್ಕೆ ಹಾಕಿದ ಸಿಮೆಂಟ್, ಮುರಿದ ಬೆಂಚುಗಳ ಪಟ್ಟಿ ಮಾಡಲಿ.

8. ಹಬ್ಬದ ನಂತರದ ವಾರ ಪತ್ರ ಬರೆಯಿರಿ. ಆ ಪಟ್ಟಿ, ಫೋಟೊಗಳ ಸಮೇತ ಇಲಾಖೆಗೆ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನ ಜೊತೆಗೆ ಯಾವ ಕೆಲಸಕ್ಕೆ ನೀವೇ ಕೈಜೋಡಿಸುತ್ತೀರಿ ಎಂಬುದನ್ನೂ ಬರೆಯಿರಿ. ಒಂದು ದಿನದ ಸಂಭ್ರಮ ವರ್ಷದ ಕೆಲಸವಾಗುವುದು ಇಲ್ಲಿಂದ.

ಅನುಮತಿ ಪತ್ರದಲ್ಲಿ ಏನಿರಬೇಕು?

ಅಧಿಕಾರಿಗಳ ಆತಂಕ ಸಹಜ. ಅದಕ್ಕೆ ಪತ್ರದಲ್ಲೇ ಉತ್ತರ ಕೊಟ್ಟುಬಿಡಿ:

- ದಿನ, ಆರಂಭ ಮತ್ತು ಮುಕ್ತಾಯದ ಸಮಯ
- ಪಾರ್ಕಿನ ಯಾವ ಭಾಗ, ಯಾವ ದಾರಿ (ಕೈಯಲ್ಲಿ ಬರೆದ ನಕ್ಷೆ ಸಾಕು)
- ಗರಿಷ್ಠ ಎಷ್ಟು ಜನ, ಎಷ್ಟು ಗುಂಪು
- ಧ್ವನಿವರ್ಧಕ, ಶಾಮಿಯಾನ, ಅಡುಗೆ, ಮಾರಾಟ ಇಲ್ಲ ಎಂಬ ಸ್ಪಷ್ಟ ಮಾತು
- ಕಸದ ಹೊಣೆ ಯಾರದು, ಅದು ಎಲ್ಲಿಗೆ ಹೋಗುತ್ತದೆ
- ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಮತ್ತು ಸಂಪರ್ಕಿಸಬೇಕಾದವರ ಹೆಸರು

ಶುಲ್ಕ, ಕ್ಯಾಮೆರಾ, ವಾಹನ ನಿಲುಗಡೆಯ ನಿಯಮಗಳು ಪಾರ್ಕಿನಿಂದ ಪಾರ್ಕಿಗೆ ಬೇರೆ. ಅವನ್ನು ಬಾಯಿಮಾತಿನಲ್ಲಿ ಬಿಡದೆ ಲಿಖಿತವಾಗಿ ಕೇಳಿಕೊಳ್ಳಿ.

ಎಚ್ಚರಿಕೆಗಳು

ಬೇರು: ನೀರು ಹೀರುವ ಸೂಕ್ಷ್ಮ ಬೇರುಗಳು ಇರುವುದು ಆಳದಲ್ಲಲ್ಲ, ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ಕೊಂಬೆಗಳ ನೆರಳನ್ನೂ ದಾಟಿ ಅವು ಹರಡಿರುತ್ತವೆ. ನೂರಾರು ಜನ ಒಂದೇ ಕಡೆ ನಿಂತರೆ ಮಣ್ಣಿನ ಕಣಗಳ ನಡುವಿನ ಗಾಳಿ ಹೊರಬಿದ್ದು ನೆಲ ಗಟ್ಟಿಯಾಗುತ್ತದೆ. ಒದ್ದೆ ಮಣ್ಣು ಇನ್ನೂ ಬೇಗ ಗಟ್ಟಿಯಾಗುತ್ತದೆ. ಆಮೇಲೆ ನೀರೂ ಇಳಿಯುವುದಿಲ್ಲ, ಬೇರಿಗೆ ಉಸಿರೂ ಸಿಗುವುದಿಲ್ಲ. ಮರ ಅಂದೇ ಸಾಯುವುದಿಲ್ಲ. ವರ್ಷಗಳ ನಂತರ ತುದಿಯಿಂದ ಒಣಗುತ್ತಾ ಬರುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಜನ ಸೇರುವುದು ಕಲ್ಲುಹಾಸಿನ ಮೇಲೆ, ದಾರಿಯ ಮೇಲೆ ಇರಲಿ. ಹಿಂದಿನ ದಿನ ಜೋರು ಮಳೆ ಬಂದಿದ್ದರೆ ಕಾರ್ಯಕ್ರಮ ಮುಂದೂಡಿ.

ಸದ್ದು: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಹೈಕೋರ್ಟ್‌ಗೆ ತಾಗಿಕೊಂಡ ಕಬ್ಬನ್ ಪಾರ್ಕಿನ ಭಾಗದಲ್ಲಿ ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಮೈಕ್, ತಮಟೆ, ಡ್ರೋನ್ ಯಾವುದೂ ಬೇಡ.

ಬೆಳಕು: ಮರಗಳಿಗೆ ಸೀರಿಯಲ್ ಸೆಟ್ ಸುತ್ತಬೇಡಿ. ತಂತಿ ತೊಗಟೆಗೆ ಉಜ್ಜುತ್ತದೆ, ಬೆಳಕು ರಾತ್ರಿಯ ಜೀವಿಗಳನ್ನು ದಿಕ್ಕುಗೆಡಿಸುತ್ತದೆ.

ಜನ: ಹಳೆಯ ಮರದ ಒಣ ಕೊಂಬೆಯ ಕೆಳಗೆ ಯಾರನ್ನೂ ಕೂರಿಸಬೇಡಿ. ಗಾಳಿ ಎದ್ದರೆ ಎಲ್ಲರನ್ನೂ ಬಯಲಿಗೆ ಕರೆತನ್ನಿ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮೊಣಕಾಲು ನೋವಿರುವವರಿಗೆ ಸಾಗಲು ಆಗುವ ಒಂದು ಚಿಕ್ಕ ದಾರಿಯನ್ನೂ ಮೊದಲೇ ಗುರುತಿಸಿಡಿ. ಶೌಚಾಲಯ ಎಲ್ಲಿದೆ ಎಂದು ಆರಂಭದಲ್ಲೇ ಹೇಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗಿಡ ನೆಟ್ಟರೆ ಹಬ್ಬ ಮುಗಿಯಿತು ಎಂದುಕೊಳ್ಳುವುದು. ಪಾರಂಪರಿಕ ಉದ್ಯಾನಕ್ಕೆ ಅದರದೇ ವಿನ್ಯಾಸ ಇರುತ್ತದೆ. ಬಯಲು, ಸಾಲು, ದೂರದಿಂದ ಗೋಪುರವೋ ಕಟ್ಟಡವೋ ಕಾಣಲಿ ಎಂದು ಬಿಟ್ಟ ತೆರವು, ಎಲ್ಲವೂ ಬೇಕೆಂದೇ ಮಾಡಿದವು. ಖಾಲಿ ಕಂಡಲ್ಲೆಲ್ಲ ಸಸಿ ನೆಟ್ಟರೆ ಆ ವಿನ್ಯಾಸ ಮುಚ್ಚಿಹೋಗುತ್ತದೆ. ನೆಡುವ ಆಸೆ ಇದ್ದರೆ ನಿಮ್ಮ ರಸ್ತೆಯ ಅಂಚಿನಲ್ಲಿ, ಶಾಲೆಯ ಅಂಗಳದಲ್ಲಿ ನೆಡಿ. ಪಾರ್ಕಿನಲ್ಲಿ ಏನು ನೆಡಬೇಕೆಂಬುದನ್ನು ತೋಟಗಾರಿಕೆ ಬಲ್ಲವರು ನಿರ್ಧರಿಸಲಿ.

ಕಟ್ಟುಕಥೆ ಹೇಳುವುದು. ಕಂಡ ಹಳೆಯ ಮರವನ್ನೆಲ್ಲ ‘ಟಿಪ್ಪು ನೆಟ್ಟದ್ದು’ ಎನ್ನುವುದು, ಕಬ್ಬನ್ ಪಾರ್ಕನ್ನು ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮಾಡಿಸಿದ ಎನ್ನುವುದು ಸಾಮಾನ್ಯ. ಮಾರ್ಕ್ ಕಬ್ಬನ್ ತೀರಿಕೊಂಡದ್ದು 1861ರಲ್ಲಿ, ಪಾರ್ಕ್ ಆದದ್ದು ಆಮೇಲೆ. ಹೇಳುವ ಪ್ರತಿ ಇಸವಿಯನ್ನೂ ಗೆಜೆಟಿಯರ್‌ನಲ್ಲೋ ಇಲಾಖೆಯ ದಾಖಲೆಯಲ್ಲೋ ನೋಡಿಕೊಳ್ಳಿ. ಸಿಗದಿದ್ದರೆ ಆ ಮಾತನ್ನು ಬಿಟ್ಟುಬಿಡಿ.

ಬ್ಯಾನರ್‌ಗೆ ಮರವನ್ನೇ ಕಂಬ ಮಾಡುವುದು. ಮೊಳೆ ಹೊಡೆದ ಜಾಗದಿಂದ ಕೊಳೆ ಒಳನುಗ್ಗುತ್ತದೆ. ಹೆಸರಿನ ಫಲಕವನ್ನು ನೆಲದಲ್ಲಿ ಚಿಕ್ಕ ಕೋಲು ನೆಟ್ಟು ನಿಲ್ಲಿಸಿ, ಹಬ್ಬ ಮುಗಿದ ಕೂಡಲೇ ತೆಗೆಯಿರಿ.

ಊಟದ ಮಳಿಗೆ ಒಳಗೆ ತರುವುದು. ಒಲೆಯ ಹೊಗೆ, ಎಣ್ಣೆ, ಚೆಲ್ಲಿದ ಅನ್ನ, ಅದಕ್ಕೆ ಮುತ್ತುವ ನಾಯಿ, ಕಾಗೆ, ಇಲಿ. ತಿಂಡಿ ಬೇಕೇ ಬೇಕೆಂದರೆ ಗೇಟಿನ ಹೊರಗಿರಲಿ. ಒಳಗೆ ಕುಡಿಯುವ ನೀರಿನ ಕ್ಯಾನ್ ಮತ್ತು ಸ್ಟೀಲ್ ಲೋಟ ಸಾಕು.

ಜನಸಂಖ್ಯೆಯನ್ನೇ ಯಶಸ್ಸು ಎಂದುಕೊಳ್ಳುವುದು. ಐನೂರು ಜನ ಒಂದು ದಿನ ಬಂದು ಹೋಗುವುದಕ್ಕಿಂತ ಮೂವತ್ತು ಜನ ಪ್ರತಿ ತಿಂಗಳು ಬರುವುದು ಪಾರ್ಕಿಗೆ ಹೆಚ್ಚು ಬಲ ಕೊಡುತ್ತದೆ.

ಮೊದಲ ಸಲ ಮಾಡುವವರಿಗೆ ಒಂದು ಭಾನುವಾರ

- 6.30: ಸ್ವಯಂಸೇವಕರು ದಾರಿ ಪರಿಶೀಲಿಸಿ, ‘ಮೊದಲು’ ಫೋಟೊ ತೆಗೆಯುವುದು
- 7.00: ಹಕ್ಕಿ ಎಣಿಕೆ
- 7.45: ಎರಡು ಗುಂಪುಗಳಲ್ಲಿ ಮರಗಳ ನಡಿಗೆ, ಒಂದರಲ್ಲಿ ಮಾಲಿಯೇ ಮಾರ್ಗದರ್ಶಕರು
- 9.15: ನೆನಪುಗಳ ಮೇಜು, ಮಕ್ಕಳಿಗೆ ಎಲೆಯಚ್ಚು, ದೊಡ್ಡವರಿಗೆ ಮೊಳೆ ಮತ್ತು ಮುರಿದ ಬೆಂಚುಗಳ ಪಟ್ಟಿ
- 10.15: ಎಲ್ಲರೂ ಸೇರಿ ಕಸ ಹೆಕ್ಕುವುದು, ಅದೇ ಜಾಗಗಳಲ್ಲಿ ‘ನಂತರ’ ಫೋಟೊ, ಮುಂದಿನ ಭೇಟಿಯ ದಿನ ಘೋಷಣೆ

ಖರ್ಚು ಕಾಗದ, ಪೆನ್ಸಿಲ್, ನೀರು ಮತ್ತು ಮಾರ್ಗದರ್ಶಕರ ಸಂಭಾವನೆಯಷ್ಟೇ. ಪ್ರಾಯೋಜಕರನ್ನು ಹುಡುಕುವ ಅಗತ್ಯ ಬೀಳುವುದಿಲ್ಲ, ಅವರ ಬ್ಯಾನರ್ ಕಟ್ಟುವ ಒತ್ತಾಯವೂ ಇರುವುದಿಲ್ಲ. ಇದನ್ನು ಮೈಸೂರಿನ ಚೆಲುವಾಂಬ ಪಾರ್ಕ್‌ನಲ್ಲಿ ಮಾಡಬಹುದು, ಮಂಗಳೂರಿನ ಕದ್ರಿ ಪಾರ್ಕ್‌ನಲ್ಲಿ ಮಾಡಬಹುದು, ಮಡಿಕೇರಿಯ ರಾಜಾಸೀಟ್‌ನಲ್ಲಿ ಮಾಡಬಹುದು. ನಿಮ್ಮ ಬೀದಿಯ ಕೊನೆಯ ಪುಟ್ಟ ಪಾರ್ಕ್‌ಗೂ ಇದೇ ಕ್ರಮ ಹೊಂದುತ್ತದೆ.

ಹಳೆಯ ಉದ್ಯಾನಗಳನ್ನು ನಮಗಾಗಿ ನೆಟ್ಟವರು ಯಾರೂ ಈಗಿಲ್ಲ. ಅವನ್ನು ಕಾಯುವ ಹೊಣೆ ಇಲಾಖೆಯೊಂದಕ್ಕೇ ಸೇರಿದ್ದಲ್ಲ, ಅಲ್ಲಿ ದಿನವೂ ಉಸಿರಾಡುವ ನಮ್ಮದೂ ಹೌದು. ದೊಡ್ಡ ಹಬ್ಬಕ್ಕೆ ಕಾಯಬೇಡಿ. ಬರುವ ಭಾನುವಾರ ನಿಮ್ಮ ಊರಿನ ಪಾರ್ಕಿನಲ್ಲಿ ಒಂದು ಹಳೆಯ ಮರ ಆರಿಸಿಕೊಳ್ಳಿ, ಅದರ ಹೆಸರು ತಿಳಿದುಕೊಳ್ಳಿ, ನೆರೆಮನೆಯ ನಾಲ್ಕು ಜನರನ್ನು ಕರೆದೊಯ್ದು ತೋರಿಸಿ. ಮುಂದಿನ ತಿಂಗಳು ಮತ್ತೆ ಹೋಗಿ.